ಅತ್ತೆಯ ಕವರ್ ಮೂಟೆ, ಎರಡು ಭಾನುವಾರದ ತರಗತಿ

ನಮ್ಮ ಅಡುಗೆಮನೆ ಅಟ್ಟದ ಮೇಲೆ 25 ಕೆಜಿ ಅಕ್ಕಿಯ ಒಂದು ಹಳೇ ಮೂಟೆ ಇತ್ತು. ಒಳಗೆ ಬರೀ ಕವರ್‌ಗಳು. ನಮ್ಮ ಅತ್ತೆಗೆ ಈಗ 76. ಮನೆಗೆ ಬಂದ ಒಂದು ಕವರನ್ನೂ ಅವರು ಎಸೆದವರಲ್ಲ. ತರಕಾರಿ ಕವರು, ಬಟ್ಟೆ ಅಂಗಡಿ ಕವರು, ಮದುವೆ ಮನೆಯ ತಾಂಬೂಲದ ಕವರು, ಎಲ್ಲವನ್ನೂ ತೊಳೆದು, ತಂತಿಗೆ ಕ್ಲಿಪ್ ಹಾಕಿ ಒಣಗಿಸಿ, ಸಮೋಸದ ಹಾಗೆ ಮೂರು ಮೂಲೆ ಮಡಚಿ ಇಡುತ್ತಾರೆ. "ಇರಲಿ ಬಿಡು, ಬೇಕಾಗತ್ತೆ" ಅನ್ನುತ್ತಾರೆ. ವಾರಕ್ಕೆ ಒಂದೋ ಎರಡೋ ಬೇಕಾಗುತ್ತಿತ್ತು. ಬರುತ್ತಿದ್ದದ್ದು ಮಾತ್ರ ಜಾಸ್ತಿ.

ಮೇ ತಿಂಗಳಲ್ಲಿ ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಇರುವ ಟೈಲರ್ ಅಂಗಡಿಗೆ ಬ್ಲೌಸ್ ಕೊಡಲು ಹೋಗಿದ್ದೆ. ಬಾಗಿಲಿಗೆ ಕೈಬರಹದ ಚೀಟಿ ಅಂಟಿಸಿದ್ದರು: 'ಹಳೇ ಪ್ಲಾಸ್ಟಿಕ್ ಕವರ್‌ನಲ್ಲಿ ಮ್ಯಾಟು, ಬ್ಯಾಗು ಮಾಡೋದು ಹೇಳಿಕೊಡುತ್ತೇವೆ. ಎರಡು ಭಾನುವಾರ. 400 ರೂ. ಕವರ್ ನೀವೇ ತರಬೇಕು.' ಆ ಕೊನೇ ಮಾತು ಓದಿದ ತಕ್ಷಣ ಅಟ್ಟದ ಮೂಟೆ ಕಣ್ಣ ಮುಂದೆ ಬಂತು. ಅಲ್ಲೇ ಹೆಸರು ಬರೆಸಿದೆ. ತರಗತಿ ಮುಗಿದು ಈಗ ಮೂರು ತಿಂಗಳಾಯಿತು. ಮಾಡಿದ ಸಾಮಾನನ್ನು ಒಂದು ಮಳೆಗಾಲ ಬಳಸಿ ನೋಡಿಯೇ ಬರೆಯೋಣ ಅಂತ ಇಷ್ಟು ದಿನ ಕಾದೆ.

ಮೊದಲ ಭಾನುವಾರ ಅಂಗಡಿ ಹಿಂದಿನ ಜಗಲಿಯಲ್ಲಿ ಚಾಪೆ ಹಾಸಿದ್ದರು. ನಾವು ಏಳು ಜನ ಇದ್ದೆವು. ಕಲಿಸುವವರು ಆ ಅಂಗಡಿ ನಡೆಸುವ ಹೆಂಗಸೇ, ನಲವತ್ತರ ಆಸುಪಾಸು. ಕತ್ತರಿ ಮುಟ್ಟುವ ಮೊದಲು ಒಂದು ಗಂಟೆ ನಮ್ಮಿಂದ ಬರೀ ಕವರ್ ವಿಂಗಡಣೆ ಮಾಡಿಸಿದರು. ಆಗ ಬೇಜಾರು ಅನ್ನಿಸಿತ್ತು. ಈಗ ಕೇಳಿದರೆ ಇಡೀ ತರಗತಿಯಲ್ಲಿ ಆ ಒಂದು ಗಂಟೆಗೇ 400 ರೂಪಾಯಿ ಸಂದಿತು ಅನ್ನುತ್ತೇನೆ.

ಒಂದು ಕವರ್ ತೆಗೆದು ಕಿವಿ ಹತ್ತಿರ ಮುದುರಿ ತೋರಿಸಿದರು. "ಕರಕರ ಅಂತ ಸದ್ದು ಮಾಡತ್ತಲ್ಲ ಮೇಡಂ, ಇದು ಎಚ್‌ಡಿಪಿಇ. ಗಟ್ಟಿ ಜಾತಿಯ ಪಾಲಿಥೀನ್. ಎಳೆದರೂ ಅಷ್ಟು ಹಿಗ್ಗಲ್ಲ. ಈಗ ಇದನ್ನ ನೋಡಿ, ಮೆತ್ತಗಿದೆ, ಸದ್ದೇ ಇಲ್ಲ. ಎಲ್‌ಡಿಪಿಇ. ಮೆತ್ತನೆ ಜಾತಿಯ ಪಾಲಿಥೀನ್. ಎಳೆದಷ್ಟೂ ಹಿಗ್ಗತ್ತೆ. ಎರಡನ್ನೂ ಬೆರೆಸಿ ಹೆಣೆದರೆ ಮ್ಯಾಟು ಸೊಟ್ಟ ಆಗತ್ತೆ." ಆಮೇಲೆ ಬಟ್ಟೆಯಂತೆ ಕಾಣುವ ಕವರುಗಳನ್ನು ಪಕ್ಕಕ್ಕೆ ತೆಗೆಸಿದರು. ಬಟ್ಟೆ ಅಂಗಡಿಯಲ್ಲಿ ಕೊಡುತ್ತಿದ್ದರಲ್ಲ, ಆ ನಾನ್ ವೋವನ್ ಬ್ಯಾಗು. ಅದು ಬಟ್ಟೆಯೇ ಅಂತ ನಾನು ಎಷ್ಟೋ ವರ್ಷ ನಂಬಿದ್ದೆ. ಅದೂ ಪ್ಲಾಸ್ಟಿಕ್ಕೇ, ಪಾಲಿಪ್ರೊಪಿಲೀನ್. ನಮ್ಮ ಮೂಟೆಯ ತಳದಲ್ಲಿದ್ದ ಅಂಥ ನಾಲ್ಕೈದು ಬ್ಯಾಗು ಮುಟ್ಟಿದರೆ ಬಣ್ಣದ ಪುಡಿಯಾಗಿ ಕೈಗೆ ಅಂಟಿತು. ಆ ಪುಡಿ ನೋಡಿ ನನಗೆ ನಿಜವಾಗಿ ಸಂಕಟ ಆಯಿತು. ಇಷ್ಟು ವರ್ಷ ಅಡುಗೆಮನೆ ಅಟ್ಟದಲ್ಲೇ ಇತ್ತಲ್ಲ, ಎಷ್ಟು ಉದುರಿದೆಯೋ.

ನಮ್ಮ ಮೂಟೆಯಲ್ಲಿ ಒಟ್ಟು 263 ಕವರ್ ಇದ್ದವು. ಎಣಿಸುತ್ತಾ ಹೋದ ಹಾಗೆ ಒಂದು ವಿಷಯ ಗಮನಕ್ಕೆ ಬಂತು. ಮೇಲಿದ್ದವು ದಪ್ಪ, ಕೆಳಗೆ ಹೋದ ಹಾಗೆ ತೆಳು. ಯಾಕೆ ಅಂತ ಕೇಳಿದ್ದಕ್ಕೆ ಅವರೇ ಹೇಳಿದರು. ನಮ್ಮ ರಾಜ್ಯದಲ್ಲಿ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಕ್ಯಾರಿ ಬ್ಯಾಗ್ ನಿಷೇಧಿಸಿ ಆದೇಶ ಬಂದಿದೆ. ಆದರೂ ಕವರ್ ಬರುವುದು ನಿಂತಿಲ್ಲ, ನಮ್ಮ ಮೂಟೆಯೇ ಸಾಕ್ಷಿ. ಕೇಂದ್ರದ ನಿಯಮ 2021ರ ಸೆಪ್ಟೆಂಬರ್ ಕೊನೆಯಿಂದ ಕನಿಷ್ಠ ದಪ್ಪ 75 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಅಂದಿತು, 2022ರ ಡಿಸೆಂಬರ್ ಕೊನೆಯಿಂದ 120 ಮೈಕ್ರಾನ್. ದಪ್ಪ ಮಾಡಿದರೆ ಜನ ಮತ್ತೆ ಮತ್ತೆ ಬಳಸುತ್ತಾರೆ, ಸುಮ್ನೆ ಬಿಸಾಡುವುದಿಲ್ಲ ಅನ್ನುವುದು ಲೆಕ್ಕಾಚಾರ. ಹೆಣೆಯುವವರಿಗೆ ಮಾತ್ರ ದಪ್ಪ ಕವರ್ ಕಷ್ಟ. ತುದಿಯಲ್ಲಿ ಕೊಕ್ಕೆ ಇರುವ ಹೆಣಿಗೆಯ ಕ್ರೋಶಾ ಕಡ್ಡಿಗೆ ಬಗ್ಗುವುದಿಲ್ಲ, ಬೆರಳು ನೋಯುತ್ತದೆ. ಹಾಗಾಗಿ ತೆಳುವಾದದ್ದು ಮ್ಯಾಟಿಗೆ, ದಪ್ಪದ್ದು ಮತ್ತೆ ಮತ್ತೆ ಬಳಸಲು.

ಇನ್ನು ಕತ್ತರಿಸುವುದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾಕೆಂದರೆ ನಾನು ಮೊದಲು ಉದ್ದುದ್ದ ಪಟ್ಟಿ ಕತ್ತರಿಸಿ ಹತ್ತು ಕವರ್ ಹಾಳು ಮಾಡಿದೆ. ಕವರನ್ನು ನೆಲದ ಮೇಲೆ ಹರಡಿ ಗಾಳಿ ಹೋಗುವ ಹಾಗೆ ಅಂಗೈಯಲ್ಲಿ ಸವರಬೇಕು. ಉದ್ದಕ್ಕೆ ಎರಡು ಸಲ ಮಡಚಬೇಕು. ಮೇಲೆ ಕೈಹಿಡಿ, ಕೆಳಗೆ ಬೆಸುಗೆ ಹಾಕಿದ ಅಂಚು, ಎರಡನ್ನೂ ಕತ್ತರಿಸಿ ತೆಗೆದರೆ ಉಳಿಯುವುದು ಒಂದು ಕೊಳವೆ. ಈ ಕೈಹಿಡಿ ಕವರನ್ನು ರೂಪಿಸಿದವರು ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ತುಲಿನ್, 1965ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅವರ ಜಾಣತನವೇ ಅದು: ಕೊಳವೆಯಂಥ ಹಾಳೆ, ಕೆಳಗೆ ಬೆಸುಗೆ, ಮೇಲೆ ಕತ್ತರಿಸಿದ ಕೈಹಿಡಿ. ಕೊಳವೆ ಆಗಿರುವುದರಿಂದ ಅಡ್ಡಕ್ಕೆ ಒಂದೊಂದು ಇಂಚಿಗೆ ಕತ್ತರಿಸಿದರೆ ಪಟ್ಟಿ ಬರುವುದಿಲ್ಲ, ಬಳೆ ಬರುತ್ತದೆ. ಒಂದು ಕವರಿಗೆ ಹದಿಮೂರು ಹದಿನಾಲ್ಕು ಬಳೆ. ಒಂದು ಬಳೆಯನ್ನು ಇನ್ನೊಂದರೊಳಗೆ ತೂರಿಸಿ, ಅದರದೇ ಕುಣಿಕೆಯಲ್ಲಿ ಹೊರಗೆ ಎಳೆದರೆ ಗಂಟು ಬೀಳುತ್ತದೆ. ಚಿಕ್ಕವರಿದ್ದಾಗ ರಬ್ಬರ್ ಬ್ಯಾಂಡ್ ಪೋಣಿಸಿ ಎಗರೋ ಹಗ್ಗ ಮಾಡುತ್ತಿದ್ದೆವಲ್ಲ, ಅದೇ ಗಂಟು. ಜೋರಾಗಿ ಎಳೆಯಬಾರದು, ಹರಿಯುತ್ತದೆ. ಮೆಲ್ಲಗೆ, ಎರಡೂ ಕೈಯಲ್ಲಿ, ಗಂಟು ಸಾಸಿವೆಯಷ್ಟು ಆಗುವವರೆಗೆ. ಒಂದು ಕವರಿಗೆ ಸುಮಾರು ಹನ್ನೆರಡು ಅಡಿ ನೂಲು ಸಿಗುತ್ತದೆ. ಅದನ್ನು ಉಂಡೆ ಸುತ್ತಿ, ದಪ್ಪ ಕ್ರೋಶಾ ಕಡ್ಡಿ ಹಿಡಿದು, ಚೈನ್ ಹಾಕಿ ಸಾಲು ಸಾಲಾಗಿ ಹೆಣೆಯುವುದು. ಕಡ್ಡಿ 8 ಮಿಲಿಮೀಟರಿನದು. ಸ್ವೆಟರ್ ಹೆಣೆಯುವ ಸಣ್ಣ ಕಡ್ಡಿಯಲ್ಲಿ ಆಗುವುದಿಲ್ಲ.

ಎರಡನೇ ಭಾನುವಾರ ಅತ್ತೆಯೂ ಹೊರಟರು. "ನನ್ನ ಕವರ್ ಏನ್ ಮಾಡ್ತಾರೋ ನೋಡ್ತೀನಿ" ಅಂತ. ಅವರಿಗೊಂದು ಕುರ್ಚಿ ಹಾಕಿದರು. ಕಾಲು ಗಂಟೆ ಸುಮ್ಮನೆ ನೋಡಿದರು. ಆಮೇಲೆ ಪಕ್ಕದ ಹುಡುಗಿಯ ಕೈಯಿಂದ ಉಂಡೆ ಇಸ್ಕೊಂಡರು. ಅತ್ತೆ ಮದುವೆಯಾದ ಹೊಸತರಲ್ಲಿ ವೈರ್ ಬ್ಯಾಗ್ ಹೆಣೆಯುತ್ತಿದ್ದರಂತೆ. ಬಣ್ಣಬಣ್ಣದ ಪ್ಲಾಸ್ಟಿಕ್ ವೈರಿನ ಬುಟ್ಟಿ, ಆಗ ಎಲ್ಲರ ಮನೆಯಲ್ಲೂ ಇರುತ್ತಿತ್ತು. ಕಡ್ಡಿ ಹಿಡಿಯುವುದು ಅವರಿಗೆ ಬರುವುದಿಲ್ಲ, ಆದರೆ ಅಂಚು ಎಲ್ಲಿ ಬಿಗಿ ಇರಬೇಕು, ಎಲ್ಲಿ ಸಡಿಲ ಬಿಡಬೇಕು ಅನ್ನುವುದು ಬೆರಳಿಗೆ ಗೊತ್ತು. "ಏನಮ್ಮಾ, ಮೂಲೆಯಲ್ಲಿ ಎರಡು ಗಂಟು ಜಾಸ್ತಿ ಹಾಕ್ಬಾರ್ದಾ? ಇಲ್ಲದಿದ್ರೆ ಮಡಚ್ಕೊಳತ್ತೆ" ಅಂದರು. ಕಲಿಸುವವರು ತಮ್ಮದೇ ಮ್ಯಾಟಿನ ಮೂಲೆ ಬಿಚ್ಚಿ ಹಾಗೇ ಹಾಕಿ ನೋಡಿದರು. ನೆಟ್ಟಗೆ ಕೂತಿತು. "ಅಮ್ಮಾ, ಮುಂದಿನ ಬ್ಯಾಚಿಗೂ ಬನ್ನಿ" ಅಂದರು. ಕಲಿಸುವ ಜಾಗದಲ್ಲಿ ಕೂತು ಕಲಿಯಲೂ ಸಿದ್ಧ ಇರುವವರು ಅಪರೂಪ ಅಲ್ವಾ. ಅವರ ಬಗ್ಗೆ ನನಗೆ ಗೌರವ ಬಂದಿದ್ದು ಆವಾಗ.

ಅದೇ ದಿನ ಇಸ್ತ್ರಿ ಪೆಟ್ಟಿಗೆ ಕೆಲಸ. ಐದಾರು ಕವರನ್ನು ಒಂದರ ಮೇಲೊಂದು ಇಟ್ಟು, ಮೇಲೆ ಕೆಳಗೆ ಬೇಕಿಂಗಿಗೆ ಹಾಕುವ ಬಟರ್ ಪೇಪರ್ ಇಟ್ಟು ಇಸ್ತ್ರಿ ಮಾಡಿದರೆ ಎಲ್ಲ ಸೇರಿ ರೆಕ್ಸಿನ್ ತರಹದ ಗಟ್ಟಿ ಹಾಳೆ ಆಗುತ್ತದೆ. ಮೆತ್ತನೆ ಕವರ್ 110 ಡಿಗ್ರಿ ಹತ್ತಿರ, ಕರಕರ ಅನ್ನುವುದು 130ರ ಹತ್ತಿರ ಕರಗುತ್ತದೆ. ಆದ್ದರಿಂದ ಪೆಟ್ಟಿಗೆಯ ಗುಂಡಿ ರೇಷ್ಮೆ, ಉಣ್ಣೆ ಹತ್ತಿರ ಇರಬೇಕು, ಕಾಟನ್ನಿಗೆ ತಿರುಗಿಸಿದರೆ ತೂತು ಬೀಳುತ್ತದೆ. ಅಕ್ಷರ ಅಚ್ಚಾದ ಮೈ ಒಳಗೆ ಹೋಗಬೇಕು, ಇಲ್ಲದಿದ್ದರೆ ಬಣ್ಣ ಪೇಪರಿಗೆ ಮೆತ್ತುತ್ತದೆ. ಒಂದು ಕಡೆ ಹತ್ತು ಹದಿನೈದು ಸೆಕೆಂಡು, ನಿಲ್ಲಿಸದೆ ಸರಿಸುತ್ತಾ ಇರಬೇಕು. ನಾನು ಆ ಹಾಳೆಯನ್ನು ಹಳೇ ಪಂಚೆಯಲ್ಲಿ ಹೊಲಿದ ಕೈಚೀಲಕ್ಕೆ ಒಳಗಿನ ಲೈನಿಂಗ್ ಮಾಡಿಸಿಕೊಂಡೆ. ನಿಜ ಹೇಳಬೇಕೆಂದರೆ ಮ್ಯಾಟಿಗಿಂತ ಇದೇ ನನಗೆ ಹೆಚ್ಚು ಉಪಯೋಗಕ್ಕೆ ಬಂದಿರುವುದು. ದೇವರಾಜ ಮಾರುಕಟ್ಟೆಯಲ್ಲಿ ಕೊತ್ತಂಬರಿ, ದಂಟಿನ ಸೊಪ್ಪಿನ ಮೇಲೆ ನೀರು ಚಿಮುಕಿಸಿ ಇಟ್ಟಿರುತ್ತಾರೆ. ಬಟ್ಟೆ ಚೀಲ ಒದ್ದೆಯಾಗಿ ಸೀರೆಗೆ ತಾಗುತ್ತದೆ ಅಂತಲೇ ಎಷ್ಟೋ ಸಲ ನಾನು ಕವರ್ ಕೇಳುತ್ತಿದ್ದೆ. ಈಗ ಮೂರು ತಿಂಗಳಿಂದ ಸೊಪ್ಪಿಗೆ ಕವರ್ ಕೇಳಿಲ್ಲ. ಮೀನು ತರುವ ಮನೆಯವರಿಗೂ ಇದು ಸರಿಹೋಗುತ್ತದೆ, ಒರೆಸಿಬಿಟ್ಟರೆ ಮುಗಿಯಿತು.

ಈಗ ಅಸಮಾಧಾನದ ಮಾತು. ಇಸ್ತ್ರಿ ಕೆಲಸವನ್ನು ಒಂದೇ ಕಿಟಕಿಯ ಒಳಕೋಣೆಯಲ್ಲಿ ಮಾಡಿಸಿದರು. ಇದು ತಪ್ಪು. ವಾಸನೆ ಬಂತು, ನನಗೆ ಸಂಜೆವರೆಗೆ ತಲೆನೋವು. ಜಗಲಿಯಲ್ಲೇ ಫ್ಯಾನ್ ಹಾಕಿ ಮಾಡಿಸಬಹುದಿತ್ತು. ಒಬ್ಬರು ಹಾಸಿಗೆ ಜೊತೆ ಬಂದ ದಪ್ಪ ಪಾರದರ್ಶಕ ಕವರ್ ತಂದಿದ್ದರು, ಪಿವಿಸಿ ಅನ್ನುವ ಬೇರೆ ಜಾತಿಯ ಪ್ಲಾಸ್ಟಿಕ್ ಇರಬಹುದು. ಅದನ್ನೂ ಇಸ್ತ್ರಿಗೆ ಬಿಟ್ಟುಬಿಟ್ಟರು. ಮೂಗು ಉರಿಯುವಂಥ ಹೊಗೆ ಬಂದ ಮೇಲೇ ತೆಗೆಸಿದ್ದು. ಯಾವ ಕವರ್ ಅಂತ ಖಾತ್ರಿ ಇಲ್ಲದಿದ್ದರೆ ಬಿಸಿ ತಾಗಿಸಲೇಬಾರದು, ಇದನ್ನು ಮೊದಲ ದಿನವೇ ಹೇಳಬೇಕಿತ್ತು. ನಾನು ಆಮೇಲೆ ಅವರಿಗೆ ನೇರವಾಗಿ ಹೇಳಿದೆ. ಈಗಿನ ಬ್ಯಾಚಿಗೆ ಹೊರಗೇ ಮಾಡಿಸುತ್ತಿದ್ದಾರೆ.

ಇನ್ನೊಂದು ಮ್ಯಾಟಿನ ವಿಷಯ. ಒಂದೂವರೆ ಅಡಿಗೆ ಎರಡು ಅಡಿ ಮ್ಯಾಟಿಗೆ 94 ಕವರ್ ಹಿಡಿಯಿತು, ಹನ್ನೊಂದು ಸಂಜೆ ಬೇಕಾಯಿತು. ನೋಡಲು ಬಹಳ ಚೆನ್ನಾಗಿದೆ. ನೀಲಿ, ಬಿಳಿ, ಮಧ್ಯೆ ಒಂದು ಹಸಿರು ಗೆರೆ. ಬಚ್ಚಲಿನ ಬಾಗಿಲಿಗೆ ಹಾಕಿ ಅಂದಿದ್ದರು. ಹಾಕಿದ ಮೊದಲ ದಿನವೇ ಟೈಲ್ಸ್ ಮೇಲೆ ಜಾರಿತು. ನಾನು ಬಾಗಿಲು ಹಿಡಿದುಕೊಂಡೆ. ಅತ್ತೆ ಕಾಲಿಟ್ಟಿದ್ದರೆ ಅಂತ ನೆನೆದು ಈಗಲೂ ಎದೆ ಝಲ್ ಅನ್ನುತ್ತದೆ. ವಯಸ್ಸಾದವರಿರುವ ಮನೆಯಲ್ಲಿ ನುಣುಪು ನೆಲದ ಮೇಲೆ ಇದನ್ನು ಹಾಕಲೇಬೇಡಿ. ಇದು ನೀರು ಹೀರುವುದೂ ಇಲ್ಲ, ಒದ್ದೆ ಕಾಲು ಒದ್ದೆಯಾಗಿಯೇ ಇರುತ್ತದೆ. ಹಳೇ ಸೀರೆಯ ಕಾಲೊರಸು ಬಚ್ಚಲಿಗೆ ಸರಿ. ಇದು ಹಿತ್ತಲ ಬಾಗಿಲಿಗೆ, ಒರಟು ಸಿಮೆಂಟ್ ನೆಲಕ್ಕೆ. ನಾನು ಹಳೇ ಸೈಕಲ್ ಟ್ಯೂಬ್ ತುಂಡನ್ನು ನಾಲ್ಕು ಮೂಲೆಗೂ ಕೆಳಗಡೆಯಿಂದ ಹೊಲಿದು ಅಲ್ಲಿ ಹಾಕಿದೆ. ಜೂನ್, ಜುಲೈ ಮಳೆಯಲ್ಲಿ ಚಪ್ಪಲಿಯ ಕೆಸರು ಒರೆಸಲು ಇದಕ್ಕಿಂತ ಒಳ್ಳೆಯದು ಸಿಗಲಿಲ್ಲ. ನಾರಿನ ಮ್ಯಾಟು ಒಣಗದೆ ಮುಗ್ಗುಲು ವಾಸನೆ ಬರುತ್ತಿತ್ತು. ಇದನ್ನು ನಲ್ಲಿ ಕೆಳಗೆ ಹಿಡಿದು, ಕೊಡವಿ, ಗೋಡೆಗೆ ನಿಲ್ಲಿಸಿದರೆ ಸ್ವಲ್ಪ ಹೊತ್ತಿಗೆ ಒಣಗಿರುತ್ತದೆ.

"ಜೀವನಪೂರ್ತಿ ಬರತ್ತೆ" ಅಂತ ಕಲಿಸಿದವರು ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಬಿಸಿಲಿಗೆ ಪ್ಲಾಸ್ಟಿಕ್ ಬಿರುಕು ಬಿಟ್ಟು ಉದುರುತ್ತದೆ. ತಾರಸಿ ಮೇಲೆ, ಗಿಡದ ಕುಂಡದ ಸುತ್ತ ಇದನ್ನು ಹಾಕಿದರೆ ಕೊನೆಗೆ ಮಣ್ಣಿಗೇ ಹೋಗುತ್ತದೆ. ನೆರಳಲ್ಲಿ ಇಡಿ. ಎಳೆ ಉದುರಲು ಶುರುವಾದ ದಿನ ಒಣ ಕಸಕ್ಕೆ ಕೊಡಿ.

ಕವರನ್ನು ಮತ್ತೆ ಬಳಸುವುದು ಅಂದರೆ ನಮ್ಮಲ್ಲಿ ಎಲ್ಲರಿಗೂ ಮೊದಲು ಹೊಳೆಯುವುದು ಕಸದ ಬುಟ್ಟಿಗೆ ಹಾಕುವುದು. ನಾನೂ ಹಾಗೇ ಮಾಡುತ್ತಿದ್ದೆ, ಅನ್ನ, ಸಿಪ್ಪೆ ತುಂಬಿ ಗಂಟು ಕಟ್ಟಿ ಇಡುತ್ತಿದ್ದೆ. ಒಂದು ದಿನ ಕಸದ ಗಾಡಿ ಬರುವುದು ತಡವಾಯಿತು. ಗೇಟಿನ ಹೊರಗೆ ಇಟ್ಟ ಗಂಟನ್ನು ಒಂದು ಹಸು ಗಂಟಿನ ಸಮೇತ ಬಾಯಿಗೆ ಹಾಕಿಕೊಂಡಿತು. ಓಡಿಹೋಗಿ ಎಳೆದೆ. ಅರ್ಧ ಕೈಗೆ ಬಂತು, ಅರ್ಧ ಒಳಗೆ ಹೋಯಿತು. ಅದು ನಮ್ಮದೇ ಮನೆಯ ಕವರು, ಅತ್ತೆ ತೊಳೆದು ಮಡಚಿಟ್ಟಿದ್ದು. ಅವತ್ತಿನಿಂದ ಹಸಿ ಕಸಕ್ಕೆ ನಮ್ಮ ಮನೆಯಲ್ಲಿ ಕವರ್ ಇಲ್ಲ. ಬುಟ್ಟಿಯ ತಳಕ್ಕೆ ಹಳೇ ಪೇಪರ್ ಹಾಕಿ, ದಿನಾ ತೊಳೆಯುತ್ತೇನೆ. ತರಗತಿಯಲ್ಲಿ ಇದರ ಬಗ್ಗೆ ಒಂದು ಮಾತೂ ಬರಲಿಲ್ಲ. ಬರಬೇಕಿತ್ತು.

ನಂದಿನಿ ಹಾಲಿನ ಪ್ಯಾಕೆಟ್ಟಿನಲ್ಲಿ ಸಸಿ ಮಾಡುವುದು ನಿಮಗೆಲ್ಲ ಗೊತ್ತೇ ಇರುತ್ತದೆ, ತಳಕ್ಕೆ ಎರಡು ತೂತು, ಮಣ್ಣು, ಒಂದು ನುಗ್ಗೆ ಬೀಜ. ಅದರಲ್ಲಿ ಒಂದೇ ಕಿವಿಮಾತು: ಹಾಲು ಕಾಯಿಸುವಾಗ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ, ಅಂಟಿಕೊಂಡೇ ಇರಲಿ. ಆ ಚೂರನ್ನು ಯಾರೂ ಆಯುವುದಿಲ್ಲ, ಮೋರಿಗೇ ಹೋಗುತ್ತದೆ.

ತರಗತಿಗೆ ಹತ್ತಕ್ಕೆ ಎಂಟು ಕೊಡುತ್ತೇನೆ. ಕ್ರೋಶಾ ಕಡ್ಡಿಗೆ ಬೇರೆ 70 ರೂಪಾಯಿ ಆಯಿತು. ನಿಮಗೆ ಸಮಯ ಕಡಿಮೆ ಇದ್ದರೆ ಎರಡನೇ ಭಾನುವಾರಕ್ಕೆ ಮಾತ್ರ ಸೇರಿಸಿಕೊಳ್ಳಿ ಅಂತ ಕೇಳಬೇಡಿ, ವಿಂಗಡಣೆ ಕಲಿಯದೆ ಇಸ್ತ್ರಿಗೆ ಕೂರಬಾರದು.

ಅತ್ತೆ ಎರಡನೇ ಮ್ಯಾಟು ಶುರು ಮಾಡಿದ್ದಾರೆ, ಕಡ್ಡಿ ಇಲ್ಲದೆ, ವೈರ್ ಬ್ಯಾಗಿನ ಗಂಟಿನಲ್ಲೇ. ಮಧ್ಯಕ್ಕೆ ಕೆಂಪು ಹೂ ಬರಬೇಕಂತೆ, ಕೆಂಪು ಕವರ್ ಮೂರು ಕಡಿಮೆ ಬಿದ್ದಿದೆ. "ಅಂಗಡಿಗೆ ಹೋದಾಗ ಕೆಂಪುದು ಸಿಕ್ಕರೆ ಇಸ್ಕೊಂಡ್ ಬಾ" ಅಂದರು. "ಅದಾಗಲ್ಲ ಅತ್ತೆ" ಅಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸಂಜೆ ನೋಡಿದರೆ ಎದುರು ಮನೆಯವರ ಅಟ್ಟ ಇಳಿಸುತ್ತಾ ನಿಂತಿದ್ದರು. ಎರಡು ಸಿಕ್ಕಿವೆ.