ಮಾಟುಂಗದ ಬಾಳೆಲೆ ಊಟ: 12 ವರ್ಷ ಉಂಡ ಮೇಲೆ ಬರೆಯುತ್ತಿದ್ದೇನೆ

ಮುಂಬೈಯಲ್ಲಿ ಊಟಕ್ಕೆ ಜಾಗಗಳ ಬರವಿಲ್ಲ. ಇರಾನಿ ಕೆಫೆಯ ಬನ್ ಮಸ್ಕಾ, ಮಾಲ್ವಣಿ ಮೀನೂಟ, ಗುಜರಾತಿ ಥಾಲಿ, ಎಲ್ಲ ತಿಂದಿದ್ದೇನೆ. ಆದರೆ 12 ವರ್ಷಗಳಿಂದ ಬಿಡದೆ ಹೋಗುತ್ತಿರುವುದು ಒಂದೇ ಕಡೆಗೆ. ಮಾಟುಂಗದ ರಾಮ ನಾಯಕ್ ಅವರ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್. 1942ರಲ್ಲಿ ಶುರುವಾದ ಜಾಗ ಇದು.

ಲೋಕಲ್ ರೈಲಿನಲ್ಲಿ ಬಂದರೆ ಸೆಂಟ್ರಲ್ ಲೈನಿನ ಮಾಟುಂಗ ಸ್ಟೇಷನ್ನಿನಲ್ಲಿ ಇಳಿದು ಪೂರ್ವಕ್ಕೆ ಬನ್ನಿ. ವೆಸ್ಟರ್ನ್ ಲೈನಿನ ಮಾಟುಂಗ ರೋಡ್ ಬೇರೆ, ಹೊಸಬರು ಅಲ್ಲಿಳಿದು ಸುಮ್ನೆ ಅಲೆಯುತ್ತಾರೆ. ಮೆಟ್ಟಿಲು ಹತ್ತಿ ಮೊದಲು ಕೂಪನ್ ತಗೊಳ್ಳಬೇಕು. ತಟ್ಟೆ ಊಟವೂ ಇದೆ, ಆದರೆ ಎಲೆ ಊಟವನ್ನೇ ಕೇಳಿ. ಪಲ್ಯ, ಹಪ್ಪಳ, ಪೂರಿ, ಅನ್ನ, ಸಾಂಬಾರ್, ಸಾರು, ಮಜ್ಜಿಗೆ. ಬಡಿಸುವವರು ಸುತ್ತುತ್ತಲೇ ಇರುತ್ತಾರೆ. ಬೇಡ ಅಂದರೆ ಎಲೆಗೆ ಕೈ ಅಡ್ಡ ಹಿಡಿಯಬೇಕು.

ನಾನು ಹೋಟೆಲ್ ಅಳೆಯುವುದು ಸಾರಿನಿಂದ. ಸಾಂಬಾರಿಗೆ ತರಕಾರಿ, ಕಾಯಿ, ಬೇಳೆಯ ಆಸರೆ ಇರುತ್ತದೆ. ಸಾರಿಗೆ ಅಷ್ಟು ಆಸರೆ ಇಲ್ಲ. ಹುಳಿ ಒಂಚೂರು ಜಾಸ್ತಿಯಾದರೂ, ಒಗ್ಗರಣೆ ಸೀದರೂ ನಾಲಿಗೆಗೆ ಗೊತ್ತಾಗಿಬಿಡುತ್ತದೆ. ಇಲ್ಲಿ ನಾನು ಮೊದಲು ಒಂದು ಬಟ್ಟಲು ಸಾರು ಹಾಗೆಯೇ ಕುಡಿಯುತ್ತೇನೆ, ಆಮೇಲೆ ಅನ್ನಕ್ಕೆ ಹಾಕಿಸಿಕೊಳ್ಳುತ್ತೇನೆ. ಒಂದು ದಿನ ಮೆಣಸಿನ ಖಾರ ಮುಂದಿರುತ್ತದೆ, ಇನ್ನೊಂದು ದಿನ ಟೊಮೆಟೊ ಹುಳಿ. ಮನೆ ಸಾರೂ ದಿನಾ ಒಂದೇ ಥರ ಇರಲ್ಲ ಅಲ್ವಾ?

ಹೋದ ವರ್ಷ ಊರಿಂದ ಅಪ್ಪ ಅಮ್ಮ ಬಂದಿದ್ದರು. ಆ್ಯಪ್‌ನಲ್ಲಿ ನಾಲ್ಕೂವರೆ ಸ್ಟಾರ್ ನೋಡಿ ಅವರನ್ನು ಒಂದು ದೊಡ್ಡ ರೆಸ್ಟೋರೆಂಟ್‌ಗೆ ಕರೆದುಕೊಂಡು ಹೋದೆ. ಸಾರು ಆರಿಹೋಗಿತ್ತು. ಬಿಸಿ ಮಾಡಿಕೊಡಿ ಅಂದರೆ ಇನ್ನೊಂದು ಬಟ್ಟಲು ತಂದಿಟ್ಟು ಅದಕ್ಕೂ ಬಿಲ್ ಹಾಕಿದರು. ಅಮ್ಮ ಹಸಿವಿಲ್ಲ ಎಂದು ಸುಮ್ಮನೆ ಕೂತರು. ನನಗೆ ತುಂಬಾ ಬೇಜಾರಾಯಿತು.

ಮರುದಿನ ಮಾಟುಂಗಕ್ಕೆ ಬಂದೆವು. ಅಪ್ಪ ಎಲೆಗೆ ನೀರು ಚಿಮುಕಿಸಿ ಒರೆಸಿಕೊಂಡರು. ಬಡಿಸುವ ಹುಡುಗನಿಗೆ ಕನ್ನಡದಲ್ಲೇ "ಸಾರು ಇನ್ನೊಂಚೂರು ಹಾಕಪ್ಪ" ಎಂದರು. ಅವನು ನಗುತ್ತಾ ಹಾಕಿದ. ಅಮ್ಮ ಎರಡು ಸಲ ಅನ್ನ ಹಾಕಿಸಿಕೊಂಡರು. ಅವತ್ತಿನಿಂದ ಸ್ಟಾರ್ ನೋಡಿ ಹೊರಡುವುದನ್ನು ಬಿಟ್ಟಿದ್ದೇನೆ. ನಾನೂ ಯಾವ ಹೋಟೆಲ್ ಬಗ್ಗೆಯೂ ಮೂರು ಸಲ ಉಣ್ಣದೆ ಬರೆಯುವುದಿಲ್ಲ.

ಭಾನುವಾರ ಜನ ಜಾಸ್ತಿ. ವಾರದ ದಿನ, ಮಧ್ಯಾಹ್ನ ಸ್ವಲ್ಪ ಬೇಗ ಹೋಗಿ. ಕೂತು ಹರಟೆ ಹೊಡೆಯುವ ಜಾಗ ಇದಲ್ಲ, ನಿಮ್ಮ ಎಲೆಗಾಗಿ ಇನ್ನೊಬ್ಬರು ಕಾಯುತ್ತಿರುತ್ತಾರೆ. ಮಾತಾಡುವುದಿದ್ದರೆ ಉಂಡು ಕೆಳಗಿಳಿದು ಹೂವಿನ ಅಂಗಡಿಗಳ ಕಡೆ ನಡೆಯಿರಿ. ಅಮ್ಮ ಅವತ್ತು ಅಲ್ಲಿ ಎರಡು ಮೊಳ ಮಲ್ಲಿಗೆ ಕೊಂಡರು.