ಚಳಿ ಇಳಿದ ಮೇಲೆ ಹುಲ್ಲುಹಾಸಿಗೆ ಮೊದಲ ಗೊಬ್ಬರ: ನಾಲ್ಕರಲ್ಲಿ ಯಾವುದು?

ಗೊಬ್ಬರಗಳನ್ನು ಚೀಲದ ತೂಕ ನೋಡಿ ಹೋಲಿಸಿದರೆ ಲೆಕ್ಕ ಕೆಡುತ್ತದೆ. ನೋಡಬೇಕಾದದ್ದು ಒಳಗಿರುವ ಸಾರಜನಕ. ಹಾಗಾಗಿ ಒಂದೇ ಹುಲ್ಲುಹಾಸನ್ನು ಪಟ್ಟೆಗಳಾಗಿ ವಿಂಗಡಿಸಿ, ಪ್ರತಿ ಪಟ್ಟೆಗೂ ಚದರ ಮೀಟರಿಗೆ 5 ಗ್ರಾಂ ಸಾರಜನಕ ಸಿಗುವಂತೆ ತೂಗಿ ಹಾಕಿದೆವು. ಯೂರಿಯಾದಲ್ಲಿ ಶೇ. 46 ಸಾರಜನಕ ಇರುವುದರಿಂದ 11 ಗ್ರಾಂ ಸಾಕು. ಅಮೋನಿಯಂ ಸಲ್ಫೇಟ್‌ನಲ್ಲಿ ಶೇ. 21, ಅದಕ್ಕೆ 24 ಗ್ರಾಂ ಬೇಕು. ಪಾಲಿಮರ್ ಲೇಪನದ ಯೂರಿಯಾ ಶೇ. 40ರದ್ದಾದರೆ ಹನ್ನೆರಡೂವರೆ ಗ್ರಾಂ. ಎರೆಗೊಬ್ಬರ ಶೇ. 1.5ರದ್ದೆಂದು ಹಿಡಿದರೆ 330 ಗ್ರಾಂ. ಒಂದು ಪಟ್ಟೆಗೆ ಏನೂ ಹಾಕಲಿಲ್ಲ. ಮಣ್ಣು ಬಿಸಿಯಾದಾಗ ಹುಲ್ಲು ತಾನಾಗಿಯೇ ಹಸಿರಾಗುತ್ತದೆ. ಖಾಲಿ ಪಟ್ಟೆ ಪಕ್ಕದಲ್ಲಿಲ್ಲದಿದ್ದರೆ ಆ ಹಸಿರೂ ಗೊಬ್ಬರದ ಲೆಕ್ಕಕ್ಕೆ ಸೇರಿಬಿಡುತ್ತದೆ.

ಯಾವ ಗೊಬ್ಬರವೇ ಆಗಲಿ, ಹೊತ್ತಿಗೆ ಮುಂಚೆ ಹಾಕಿದರೆ ಅದನ್ನು ತಿನ್ನುವುದು ಕಳೆ. ಗರಿಕೆ ಜಾತಿಯ ಹುಲ್ಲು ಪೂರ್ತಿ ಹಸಿರಾಗಿ, 10 ಸೆಂ.ಮೀ. ಆಳದ ಮಣ್ಣು 18 ಡಿಗ್ರಿ ಸೆಲ್ಸಿಯಸ್ ದಾಟಿ ನಿಂತ ಮೇಲೆಯೇ ಹಾಕಿ. ರೈ, ಫೆಸ್ಕ್ಯೂ ತರಹದ ತಂಪು ಪ್ರದೇಶದ ಹುಲ್ಲಿಗೆ 10ರಿಂದ 13 ಡಿಗ್ರಿ ಸಾಕು. ಅದಕ್ಕೂ ಮೊದಲು ಬುಡದಲ್ಲಿ ಕೂತ ಒಣ ನಾರಿನ ಪದರ ಅಳೆಯಿರಿ. 12 ಮಿ.ಮೀ. ಮೀರಿದ್ದರೆ ಹಲ್ಲುಕುಂಟೆಯಿಂದ ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಗೊಬ್ಬರ ಮಣ್ಣು ಮುಟ್ಟುವುದೇ ಇಲ್ಲ. ಗಟ್ಟಿಯಾದ ನೆಲದಲ್ಲಿ 5ರಿಂದ 8 ಸೆಂ.ಮೀ. ಆಳದ ಮಣ್ಣಿನ ಕೊಳವೆಗಳನ್ನು ಕಿತ್ತು ತೆಗೆಯುವ ಉಪಕರಣ ಬಳಸಿ. ಬರಿ ಮೊಳೆ ಚುಚ್ಚಿದರೆ ರಂಧ್ರದ ಸುತ್ತಲ ಮಣ್ಣು ಇನ್ನಷ್ಟು ಬಿಗಿಯಾಗುತ್ತದೆ.

ಯೂರಿಯಾ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬಿತ್ತು. ವಾರದೊಳಗೆ ಆ ಪಟ್ಟೆ ಕಡು ಹಸಿರು. ಹುಲ್ಲು ಕತ್ತರಿಸುವ ಕೆಲಸವೂ ಅಲ್ಲೇ ಹೆಚ್ಚಾಯಿತು, ಮೊದಲು ಮಂಕಾದದ್ದೂ ಅದೇ. ಇದರ ದೊಡ್ಡ ದೋಷ ನಷ್ಟ. ಮೇಲ್ಮೈಯಲ್ಲೇ ಬಿದ್ದಿದ್ದರೆ ಮಣ್ಣಿನ ಯೂರಿಯೇಸ್ ಕಿಣ್ವ ಅದನ್ನು ಅಮೋನಿಯಾ ಆಗಿಸಿ ಗಾಳಿಗೆ ಬಿಡುತ್ತದೆ. ಬಿಸಿಲು ಇದ್ದಷ್ಟೂ, ಮಣ್ಣು ಕ್ಷಾರವಾದಷ್ಟೂ ನಷ್ಟ ಹೆಚ್ಚು. ಆದ್ದರಿಂದ ಎಲೆ ಒಣಗಿದ್ದಾಗ ಎರಚಿ, ತಕ್ಷಣ ಚದರ ಮೀಟರಿಗೆ 6ರಿಂದ 10 ಲೀಟರ್ ನೀರು ಕೊಡಬೇಕು. ಒದ್ದೆ ಎಲೆಯ ಮೇಲೆ ಬಿದ್ದ ಹರಳು ಅಲ್ಲೇ ಕರಗಿ ಎಲೆ ಸುಡುತ್ತದೆ. 11 ಗ್ರಾಂ ಎಂದರೆ ಎಷ್ಟು ಕಡಿಮೆ ಎಂದು ಒಮ್ಮೆ ತೂಗಿ ನೋಡಿ. ಕೈಯಳತೆಯಲ್ಲಿ ಅದು ಸುಲಭವಾಗಿ ಎರಡು ಮೂರು ಪಟ್ಟಾಗುತ್ತದೆ. ಒಣ ಮರಳಿನೊಂದಿಗೆ ಬೆರೆಸಿ, ಅರ್ಧವನ್ನು ಉದ್ದಕ್ಕೆ, ಉಳಿದರ್ಧವನ್ನು ಅಡ್ಡಕ್ಕೆ ಎರಚಿದರೆ ಹಸಿರು ಹಳದಿ ಗೆರೆಗಳು ಬೀಳುವುದಿಲ್ಲ. ಬೆರೆಸಿ ಇಟ್ಟುಕೊಳ್ಳಬೇಡಿ, ಯೂರಿಯಾ ತೇವ ಎಳೆದು ಗಂಟು ಕಟ್ಟುತ್ತದೆ.

ಅಮೋನಿಯಂ ಸಲ್ಫೇಟ್ ಸೌಮ್ಯ ಎಂಬ ಮಾತು ಬಹಳ ಕೇಳಿಬರುತ್ತದೆ, ಒಪ್ಪಲಾಗದು. ಅಷ್ಟೇ ಸಾರಜನಕಕ್ಕೆ ಇದು ಮಣ್ಣಿಗೆ ಹಾಕುವ ಉಪ್ಪಿನ ಹೊರೆ ಯೂರಿಯಾದ ಸುಮಾರು ಎರಡರಷ್ಟು. ನೀರು ಕಡಿಮೆ ಬಿದ್ದ ಅಂಚಿನಲ್ಲಿ ಎಲೆತುದಿ ಕಂದಿದ್ದು ಈ ಪಟ್ಟೆಯಲ್ಲೇ. ಆದರೆ ಮಣ್ಣಿನ ರಸಸಾರ (pH) 7.5 ದಾಟಿ, ಸಾರಜನಕ ಕೊಟ್ಟರೂ ಹುಲ್ಲು ಹಳದಿಯಾಗಿಯೇ ಉಳಿಯುವ ಕಡೆ ಇದಕ್ಕೇ ನಮ್ಮ ಮತ. ಇದು ಮಣ್ಣನ್ನು ಆಮ್ಲದ ಕಡೆಗೆ ಎಳೆಯುತ್ತದೆ, ಜೊತೆಗೆ ಗಂಧಕವನ್ನೂ ಕೊಡುತ್ತದೆ. ಮೊದಲೇ ಆಮ್ಲೀಯವಾದ ಮಣ್ಣಿಗೆ ಬೇಡವೇ ಬೇಡ. ಸುಣ್ಣ ಹಾಕಿದ ಬೆನ್ನಿಗೇ ಇದನ್ನಾಗಲಿ ಯೂರಿಯಾವನ್ನಾಗಲಿ ಹಾಕಬೇಡಿ, ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ನಡುವೆ ಕೆಲವು ವಾರ ಬಿಡಿ.

ಲೇಪನದ ಯೂರಿಯಾ ಮೊದಲ ದಿನಗಳಲ್ಲಿ ಖಾಲಿ ಪಟ್ಟೆಗಿಂತ ಬೇರೆಯಾಗಿ ಕಾಣಲಿಲ್ಲ. ಲೇಪನದ ಮೂಲಕ ಒಳಗಿನದು ಹೊರಬರುವುದು ಮಣ್ಣಿನ ಶಾಖಕ್ಕೆ ತಕ್ಕಂತೆ, ತಂಪು ಮಣ್ಣಿನಲ್ಲಿ ತೀರಾ ನಿಧಾನ. ಇಲ್ಲೇ ತಾಳ್ಮೆ ಕೆಡುವುದು: ಕೆಲಸ ಮಾಡಲಿಲ್ಲವೆಂದು ಇನ್ನೊಂದು ಸುತ್ತು ಹಾಕಿದರೆ, ಬಿಸಿಲೇರಿದಾಗ ಎರಡೂ ಒಟ್ಟಿಗೆ ಬಿಡುಗಡೆಯಾಗಿ ಹುಲ್ಲು ಮಿತಿಮೀರಿ ಬೆಳೆಯುತ್ತದೆ. ಕಾದರೆ ಹಸಿರು ಸಮವಾಗಿ ಬಂದು ಬಹಳ ಕಾಲ ನಿಲ್ಲುತ್ತದೆ. ಹರಳು ಒಡೆದರೆ ಲೇಪನ ವ್ಯರ್ಥ. ಕೆರೆಯುವುದು, ಕೊಳವೆ ಕೀಳುವುದು ಎಲ್ಲ ಮುಗಿದ ಮೇಲೆ ಹಾಕಿ, ನೀರು ಕೊಟ್ಟು ಬುಡಕ್ಕಿಳಿಸಿ. ಮರುದಿನವೇ ಬುಟ್ಟಿ ಕಟ್ಟಿದ ಯಂತ್ರ ಓಡಿಸಿದರೆ ಹರಳೂ ಕತ್ತರಿಸಿದ ಹುಲ್ಲಿನೊಂದಿಗೆ ಬುಟ್ಟಿ ಸೇರುತ್ತದೆ.

ಎರೆಗೊಬ್ಬರವನ್ನು ಇವುಗಳ ಸಾಲಿನಲ್ಲಿ ನಿಲ್ಲಿಸುವುದು ಪೂರ್ತಿ ನ್ಯಾಯವಲ್ಲ. 330 ಗ್ರಾಂನಲ್ಲಿ 5 ಗ್ರಾಂ ಸಾರಜನಕ ಇದ್ದರೂ ಆ ಋತುವಿನಲ್ಲಿ ಹುಲ್ಲಿಗೆ ಸಿಗುವುದು ಅದರಲ್ಲೊಂದು ಪಾಲು ಮಾತ್ರ. ಬಣ್ಣದಲ್ಲಿ ಅದು ಹಿಂದೆ ಬಿತ್ತು, ನೀರು ಇಂಗುವುದರಲ್ಲಿ ಮುಂದೆ. ಅದನ್ನು ಮೇಲುಹಾಸಾಗಿ ನೋಡುವುದು ಸರಿ: ಕೊಳವೆ ಕಿತ್ತ ನೆಲದ ಮೇಲೆ 3ರಿಂದ 5 ಮಿ.ಮೀ., ಅಂದರೆ ಚದರ ಮೀಟರಿಗೆ 3ರಿಂದ 5 ಲೀಟರ್, ಜರಡಿ ಹಿಡಿದು ಹರಡಿ ಪೊರಕೆಯಿಂದ ರಂಧ್ರಕ್ಕೆ ತಳ್ಳಿ. ಎಲೆತುದಿಗಳು ಮೇಲೆ ಕಾಣುತ್ತಿರಬೇಕು. ಹಸಿ ಮುದ್ದೆ ಕೂತ ಜಾಗದಲ್ಲಿ ಹುಲ್ಲು ಉಸಿರುಗಟ್ಟಿ ಹಳದಿಯಾಗುತ್ತದೆ. ಎರೆಹುಳುವಿನ ತೊಟ್ಟಿ ಬಿಸಿಯಾಗುವುದಿಲ್ಲವಾದ್ದರಿಂದ ಕಳೆಬೀಜ ಸಾಯುವುದಿಲ್ಲ. ಮೊದಲೇ ರಾಶಿಯಲ್ಲಿ ಬಿಸಿಯಾಗಿ ಕೊಳೆತ ಕಸವನ್ನು ಹುಳುಗಳಿಗೆ ಕೊಟ್ಟು ಮಾಡಿದ್ದನ್ನೇ ಆರಿಸಿ.

ಸಾರಜನಕ, ರಂಜಕ, ಪೊಟ್ಯಾಶ್ ಮೂರೂ ಶೇ. 19ರಷ್ಟಿರುವ 19:19:19ರಂಥ ಮಿಶ್ರಣ ಬೇರೂರಿದ ಹುಲ್ಲುಹಾಸಿಗೆ ಅನವಶ್ಯಕ. ಮಣ್ಣು ಪರೀಕ್ಷೆಯಲ್ಲಿ ರಂಜಕದ ಕೊರತೆ ಕಂಡರೆ ಮಾತ್ರ ಹಾಕಿ. ಹೆಚ್ಚಾದದ್ದು ಮಳೆನೀರಿನೊಂದಿಗೆ ಹರಿದು ಕೆರೆಯಲ್ಲಿ ಪಾಚಿ ಬೆಳೆಸುತ್ತದೆ.

ಹಾಗಾದರೆ ಆಯ್ಕೆ? ಬೇರೂರಿದ ಹುಲ್ಲಿಗೆ ಎರೆಗೊಬ್ಬರದ ತೆಳು ಹಾಸು, ಅದು ಬುಡಕ್ಕಿಳಿದ ಮೇಲೆ ಲೇಪನದ ಯೂರಿಯಾ. ಬರಿ ಯೂರಿಯಾ ಹಾಕುವುದಾದರೆ ಅಳತೆಯನ್ನು ಎರಡು ಕಂತು ಮಾಡಿ, ಒಂದು ತಿಂಗಳ ಅಂತರದಲ್ಲಿ, ಅದೂ ಹಾಕಿದ ದಿನವೇ ನೀರು ಕೊಡಲು ಆಗುವುದಿದ್ದರೆ ಮಾತ್ರ. ಕತ್ತರಿಸುವಾಗ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯದೆ, ತುಂಡುಗಳನ್ನು ಅಲ್ಲೇ ಬಿಡಿ. ಅವುಗಳಲ್ಲಿರುವ ಸಾರಜನಕ ಮಣ್ಣಿಗೆ ಮರಳುತ್ತದೆ, ಮುಂದಿನ ಕಂತು ಅಷ್ಟು ಕಡಿಮೆ ಸಾಕಾಗುತ್ತದೆ.