ಹೊರಗೆರೆಯೋ, ತುಂಬಿದ ಆಕೃತಿಯೋ: ಒಂದು ಕ್ಲಿನಿಕ್ಕಿಗಾಗಿ ಬರೆದ ಐಕಾನ್‌ಗಳ ಹೋಲಿಕೆ

ರಾಜಾಜಿನಗರದ ಸಣ್ಣ ಕ್ಲಿನಿಕ್ಕೊಂದರಲ್ಲಿ ರೋಗಿಗಳೇ ಟೋಕನ್ ತೆಗೆದುಕೊಳ್ಳುವ ಟಚ್ ಸ್ಕ್ರೀನ್ ಯಂತ್ರಕ್ಕೆ ಐಕಾನ್ ಬರೆದುಕೊಡುವ ಕೆಲಸ ಬಂದಾಗ, ನಾನು ಒಂದರ ಬದಲು ಎರಡು ಸೆಟ್ ಸಿದ್ಧಪಡಿಸಿದೆ. ಒಂದರಲ್ಲಿ ಆಕೃತಿಯ ಹೊರಗೆರೆ ಮಾತ್ರ ಇತ್ತು. ಇನ್ನೊಂದರಲ್ಲಿ ಆಕೃತಿಯ ಒಳಗೆ ಬಣ್ಣ ತುಂಬಿತ್ತು. ವೈದ್ಯರ ಭೇಟಿ, ರಕ್ತಪರೀಕ್ಷೆ, ವರದಿ, ಔಷಧಿ, ಹಣ ಪಾವತಿ, ಸಹಾಯ ಎಂಬ ಆರು ಗುಂಡಿಗಳಿಗೆ ಎರಡೂ ಸೆಟ್‌ಗಳನ್ನು ಒಂದೊಂದು ವಾರ ಹಾಕಿಸಿ, ಎದುರಿನ ಬೆಂಚಿನ ಮೇಲೆ ಕುಳಿತು ಜನ ಹೇಗೆ ಬಳಸುತ್ತಾರೆಂದು ಗಮನಿಸಿದೆ.

ಹೋಲಿಕೆ ನ್ಯಾಯವಾಗಿರಲೆಂದು ಅಳತೆಯನ್ನು ಒಂದೇ ಇಟ್ಟೆ: ಉದ್ದಗಲ ತಲಾ 24 ಘಟಕಗಳ ಚೌಕಳಿ, ಸುತ್ತಲೂ 2 ಘಟಕಗಳ ಖಾಲಿ ಅಂಚು. ಗೂಗಲ್‌ನ ಮೆಟೀರಿಯಲ್ ವಿನ್ಯಾಸ ಪದ್ಧತಿಯಲ್ಲಿರುವಂತೆ ವೃತ್ತಕ್ಕೆ 20 ಘಟಕಗಳ ವ್ಯಾಸ, ಚೌಕಕ್ಕೆ 18 ಘಟಕಗಳ ಬಾಹು. ಎರಡಕ್ಕೂ ಒಂದೇ ಅಳತೆ ಕೊಟ್ಟರೆ ನಾಲ್ಕು ಮೂಲೆಗಳಿಂದಾಗಿ ಚೌಕವೇ ದೊಡ್ಡದಾಗಿ ಕಾಣುತ್ತದೆ.

ಹೊರಗೆರೆಯ ಸೆಟ್ ನನ್ನ ಲ್ಯಾಪ್‌ಟಾಪ್‌ನಲ್ಲಿ ಬಹಳ ಅಂದವಾಗಿತ್ತು, ನನಗೆ ಪ್ರಿಯವಾದದ್ದೂ ಅದೇ. ಆದರೆ ಯಂತ್ರವಿದ್ದದ್ದು ಕಿಟಕಿಯ ಪಕ್ಕ. ಬೆಳಗಿನ ಬಿಸಿಲು ಪರದೆಯ ಮೇಲೆ ಬಿದ್ದಾಗ ತೆಳುಗೆರೆಗಳು ಕರಗಿಹೋದವು. ಐಕಾನಿಗೂ ಹಿನ್ನೆಲೆಗೂ ಕನಿಷ್ಠ 3:1 ಕಾಂಟ್ರಾಸ್ಟ್, ಅಂದರೆ ಹೊಳಪಿನ ಅಂತರ, ಇರಬೇಕೆಂದು ಜಾಲತಾಣಗಳನ್ನು ಅಂಗವಿಕಲರೂ ಬಳಸುವಂತಿರಲೆಂದು ರೂಪಿಸಿದ 2018ರ ಡಬ್ಲ್ಯುಸಿಎಜಿ 2.1 ಮಾರ್ಗಸೂಚಿ ಹೇಳುತ್ತದೆ. ಲೆಕ್ಕದಲ್ಲಿ ನನ್ನ ಬೂದುಗೆರೆ ಅದನ್ನು ದಾಟಿದ್ದರೂ ಬಿಸಿಲಿನಲ್ಲಿ ಆ ಲೆಕ್ಕ ಸಾಲಲಿಲ್ಲ. ರಕ್ತಪರೀಕ್ಷೆಗೆ ಬರೆದ ಓರೆಯಾದ ಗಾಜಿನ ನಳಿಕೆಯನ್ನು ನೋಡಿ ಅಜ್ಜಿಯೊಬ್ಬರು, "ಇದು ಪೆನ್ನಾ ಮಗಾ? ಸಹಿ ಮಾಡೋದು ಎಲ್ಲಿ?" ಎಂದು ಕೇಳಿದರು. ಅವರ ತಪ್ಪೇನೂ ಇರಲಿಲ್ಲ. ನಳಿಕೆ, ಪೆನ್ನು, ಥರ್ಮಾಮೀಟರ್ ಮೂರಕ್ಕೂ ಹೊರ ಆಕಾರ ಹೆಚ್ಚುಕಡಿಮೆ ಒಂದೇ. ತುಂಬಿದ ಸೆಟ್‌ನಲ್ಲಿ ನಳಿಕೆಯ ಕೆಳ ಅರ್ಧಕ್ಕೆ ಮಾತ್ರ ಬಣ್ಣ ಕೊಟ್ಟು, ಪಕ್ಕದಲ್ಲಿ ಒಂದು ಹನಿ ಬರೆದಿದ್ದೆ. ಅದನ್ನು ಯಾರೂ ಪೆನ್ನೆಂದು ತಿಳಿಯಲಿಲ್ಲ.

ಪರದೆಯ ತಲೆಪಟ್ಟಿಯಲ್ಲಿ ಇವೇ ಐಕಾನ್‌ಗಳು 16 ಪಿಕ್ಸೆಲ್‌ಗೆ ಇಳಿಯುತ್ತಿದ್ದವು. ಆಗ ಹೊರಗೆರೆಯ ಸೆಟ್‌ನ 2 ಘಟಕ ದಪ್ಪದ ಗೆರೆ 1.33 ಪಿಕ್ಸೆಲ್ ಆಗಿ, ಎರಡು ಪಿಕ್ಸೆಲ್‌ಗಳ ನಡುವೆ ಹಂಚಿಹೋಗಿ ಮಸುಕಾಯಿತು. ತುಂಬಿದ ಆಕೃತಿಗಳು ಇದನ್ನು ಸುಲಭವಾಗಿ ತಾಳಿಕೊಂಡವು, ಹಣ ಪಾವತಿಯ ಐಕಾನೊಂದನ್ನು ಬಿಟ್ಟು. ನಾಣ್ಯದ ನಡುವೆ ಬಿಳಿಯಾಗಿ ಕೊರೆದ ರೂಪಾಯಿ ಚಿಹ್ನೆಯ ಎರಡು ಅಡ್ಡಗೆರೆಗಳು ಒಂದಕ್ಕೊಂದು ಅಂಟಿಕೊಂಡವು. 2010ರಲ್ಲಿ ಬಂದ ಆ ಚಿಹ್ನೆಯ ಗುರುತೇ ಆ ಎರಡು ಗೆರೆಗಳಾದ್ದರಿಂದ, ನಾಣ್ಯವನ್ನೇ ಕೈಬಿಟ್ಟು ಚಿಹ್ನೆಯನ್ನಷ್ಟೇ ದೊಡ್ಡದಾಗಿ ಬರೆಯಬೇಕಾಯಿತು. ಸಣ್ಣ ಗಾತ್ರ ಬೇಕಾದಾಗ ದೊಡ್ಡದನ್ನು ಕುಗ್ಗಿಸದೆ ಹೊಸದಾಗಿ ಬರೆಯುವುದೇ ಸರಿ ಎಂಬುದು ನನಗೆ ಅಲ್ಲಿ ಖಚಿತವಾಯಿತು.

ಟೋಕನ್ ಚೀಟಿಯಲ್ಲಿ ಮಾತ್ರ ಫಲಿತಾಂಶ ತಿರುಗಿಬಿತ್ತು. ಶಾಖದಿಂದ ಕಾಗದವನ್ನು ಕಪ್ಪಾಗಿಸುವ ಆ ಥರ್ಮಲ್ ಪ್ರಿಂಟರ್ ಮಿಲಿಮೀಟರಿಗೆ 8 ಚುಕ್ಕಿಗಳಂತೆ ಮುದ್ರಿಸುವುದರಿಂದ 3 ಮಿಲಿಮೀಟರ್ ಐಕಾನಿಗೆ ಸರಿಯಾಗಿ 24 ಚುಕ್ಕಿಗಳು ಸಿಗುತ್ತವೆ. ಹೊರಗೆರೆ ಎರಡೆರಡು ಚುಕ್ಕಿಗಳ ಮೇಲೆ ನೇರವಾಗಿ ಕುಳಿತು ಸ್ಪಷ್ಟವಾಗಿ ಬಂತು. ತುಂಬಿದ ಆಕೃತಿಗಳಲ್ಲಾದರೋ ಶಾಖ ಅಕ್ಕಪಕ್ಕಕ್ಕೆ ಹರಡಿ ಒಳಗಿನ ಬಿಳಿ ಸಂದುಗಳು ಮುಚ್ಚಿಹೋದವು.

ಎರಡು ಸೆಟ್‌ಗಳಲ್ಲೂ ಸಮನಾಗಿ ಸೋತ ಐಕಾನ್ ವರದಿಯದು. ಲ್ಯಾಬ್ ವರದಿಯನ್ನು ಲಕೋಟೆಯಲ್ಲಿ ಕೊಡುತ್ತಾರೆಂದು ಲಕೋಟೆಯನ್ನೇ ಬರೆದಿದ್ದೆ. ಹಿರಿಯರು ಒಪ್ಪಿಕೊಂಡರೂ ಕಾಲೇಜು ಹುಡುಗರು ಅದನ್ನು ಇಮೇಲ್ ಎಂದುಕೊಂಡರು. ಸಾಲುಗಳಿರುವ ಹಾಳೆಯೊಂದನ್ನು ಬರೆದ ಮೇಲೆ ಗೊಂದಲ ನಿಂತಿತು. ವೈದ್ಯರ ಭೇಟಿಗೆ ಕ್ಲಿನಿಕ್ಕಿನವರು ಕೆಂಪು ಶಿಲುಬೆ ಕೇಳಿದ್ದರು. ಅದು ರೆಡ್ ಕ್ರಾಸ್‌ನ ಲಾಂಛನ. ನಮ್ಮಲ್ಲಿ 1960ರ ಜಿನೀವಾ ಒಪ್ಪಂದಗಳ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಬಳಸುವಂತಿಲ್ಲ. ಹಾಗಾಗಿ ಸ್ಟೆತಸ್ಕೋಪ್ ಬರೆದೆ.

ಮೂರನೆಯ ವಾರ ತುಂಬಿದ ಐಕಾನಿನ ಕೆಳಗೆ ಕನ್ನಡ ಪದವನ್ನೂ ಸೇರಿಸಿದೆ. ಗೆರೆಯೋ ತುಂಬಿದ್ದೋ ಎಂಬುದಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ಇದೊಂದೇ ತಂದಿತು: ಗುಂಡಿಯ ಮುಂದೆ ಬೆರಳು ಹಿಡಿದು ಯೋಚಿಸುತ್ತ ನಿಲ್ಲುವವರು ಬಹಳ ಕಡಿಮೆಯಾದರು. ಓದು ಬಾರದವರಿಗೆ ಚಿತ್ರ, ಚಿತ್ರದ ಮೇಲೆ ನಂಬಿಕೆಯಿಲ್ಲದವರಿಗೆ ಪದ. ಆದರೆ ಇಂಗ್ಲಿಷ್ ಅಕ್ಷರಗಳಿಗೆ ಅಳೆದು ಬಿಟ್ಟಿದ್ದ ಜಾಗದಲ್ಲಿ "ರಕ್ತಪರೀಕ್ಷೆ" ಹಿಡಿಸಲಿಲ್ಲ. ಅದರ ಎರಡು ಒತ್ತಕ್ಷರಗಳೂ ತಳದಲ್ಲಿ ಕತ್ತರಿಸಿಹೋದವು. ಪದದ ಸಾಲಿಗೆ ಎತ್ತರ ಕೂಡಿಸಿ, ತುಂಬಿದ ಆಕೃತಿಯ ಭಾರಕ್ಕೆ ಹೊಂದುವಂತೆ ಅಕ್ಷರಗಳನ್ನೂ ಸ್ವಲ್ಪ ದಪ್ಪ ಮಾಡಿದೆ.

ಈಗ ಯಂತ್ರದ ಪರದೆಯ ಮೇಲಿರುವುದು ಪದದ ಜೊತೆಗಿನ ತುಂಬಿದ ಸೆಟ್, ಚೀಟಿಯ ಮೇಲಿರುವುದು ಹೊರಗೆರೆ. ಸಹಾಯದ ಪ್ರಶ್ನಾರ್ಥಕ ಚಿಹ್ನೆಯನ್ನು ಮೂರು ವಾರಗಳಲ್ಲೂ ಹೆಚ್ಚಿನವರು ಮುಟ್ಟಲಿಲ್ಲ. ಅವರು ತಿರುಗಿ ನೋಡುತ್ತಿದ್ದದ್ದು ಕೌಂಟರಿನಲ್ಲಿ ಕುಳಿತಿದ್ದ ಹುಡುಗಿಯ ಕಡೆಗೆ. ಆ ಜಾಗಕ್ಕೆ ಮೇಜಿನ ಹಿಂದೆ ಕುಳಿತ ವ್ಯಕ್ತಿಯ ಆಕೃತಿಯೊಂದನ್ನು ಈಗ ಬರೆಯುತ್ತಿದ್ದೇನೆ.